ಮೂರೇ ರೇಸಿಗೆ ಸುಸ್ತಾದ ಸರ್ಕ್ಯೂಟ್: ಬುದ್ಧ್ ಟ್ರ್ಯಾಕ್‌ನ ಏಳುಬೀಳು

ದೆಹಲಿ ಪಕ್ಕದ ಗ್ರೇಟರ್ ನೋಯ್ಡಾದಲ್ಲಿ 5.125 ಕಿಲೋಮೀಟರ್ ಉದ್ದದ ಒಂದು ಡಾಂಬರು ರಸ್ತೆ ಇದೆ. ಒಟ್ಟು 16 ತಿರುವು. ಎಲ್ಲಿಂದ ಹೊರಟರೂ ಅಲ್ಲಿಗೇ ಬಂದು ಮುಟ್ಟುತ್ತದೆ. ಅದೇ ಬುದ್ಧ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್. ಕಟ್ಟಲು ಸುಮಾರು 2,000 ಕೋಟಿ ರೂಪಾಯಿ ಆಯಿತು ಅಂತ ಆಗ ಪತ್ರಿಕೆಗಳು ಬರೆದವು. ದೇಶದಿಂದ ದೇಶಕ್ಕೆ ತಿರುಗುವ ಕಾರ್ ರೇಸಿನ ವಿಶ್ವ ಚಾಂಪಿಯನ್‌ಶಿಪ್ ಫಾರ್ಮುಲಾ ಒನ್, 2011, 2012, 2013ರಲ್ಲಿ ಅಲ್ಲಿಗೆ ಬಂತು. ಆಮೇಲೆ ಬರಲೇ ಇಲ್ಲ.

ಮಂಗಳೂರಿನಲ್ಲಿ ಕಾರು, ಬೈಕಿನ ಹುಚ್ಚು ಇರುವ ನಾಲ್ಕು ಜನ ಸೇರಿದಲ್ಲಿ ಈ ಮಾತು ಎದ್ದರೆ ಒಬ್ಬರಾದರೂ ಕೇಳುತ್ತಾರೆ: "ಅಷ್ಟು ದುಡ್ಡು ಸುರಿದು ಕಟ್ಟಿದ್ದನ್ನು ಹಾಗೇ ಬಿಟ್ಟದ್ದು ಯಾಕೆ ಮಾರಾಯ್ರೆ?" ಉತ್ತರ ತಯಾರಾಗಿಯೇ ಇರುತ್ತದೆ. ಟ್ಯಾಕ್ಸ್. ಮಾತು ಅಲ್ಲಿಗೆ ಮುಗಿಯುತ್ತದೆ.

ಟ್ಯಾಕ್ಸ್ ಅರ್ಧ ಉತ್ತರ ಅಷ್ಟೇ. ಒಂದು ರೂಪಾಯಿ ಟ್ಯಾಕ್ಸ್ ಇಲ್ಲದಿದ್ದರೂ ಈ ಟ್ರ್ಯಾಕ್ ತಿಣುಕುತ್ತಿತ್ತು ಎನ್ನುವುದು ನನ್ನ ಲೆಕ್ಕ. ಯಾಕೆ ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

ರನ್‌ವೇಯಲ್ಲಿ ಶುರುವಾದ ಆಟ

ರೇಸ್ ಟ್ರ್ಯಾಕ್ ಅಂದ ಕೂಡಲೆ ಗಾಜಿನ ಕಟ್ಟಡ, ದೊಡ್ಡ ಕಂಪನಿಗಳ ಬೋರ್ಡು ಕಣ್ಣಿಗೆ ಬರುತ್ತದೆ. ಹಲವು ಟ್ರ್ಯಾಕ್‌ಗಳ ಹುಟ್ಟು ಮಾತ್ರ ತುಂಬ ಸಾದಾ. ಎರಡನೇ ಮಹಾಯುದ್ಧ ಮುಗಿದಾಗ ಇಂಗ್ಲೆಂಡಿನಲ್ಲಿ ಬಾಂಬರ್ ವಿಮಾನಗಳಿಗೆಂದು ಮಾಡಿದ ರನ್‌ವೇಗಳು ಖಾಲಿ ಬಿದ್ದಿದ್ದವು. ಅಗಲವಾದ, ಸಪಾಟಾದ ಜಾಗ. ಎದುರಿನಿಂದ ಲಾರಿ ಬರುವ ಭಯ ಇಲ್ಲ. ಸಿಲ್ವರ್‌ಸ್ಟೋನ್ ಅಂಥದ್ದೊಂದು ವಾಯುನೆಲೆ. 1948ರಲ್ಲಿ ಅಲ್ಲಿ ಗ್ರ್ಯಾನ್ ಪ್ರಿ ನಡೆಯಿತು. 1950ರ ಮೇ 13ರಂದು ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಶಿಪ್ಪಿನ ಮೊಟ್ಟಮೊದಲ ರೇಸೂ ಅಲ್ಲೇ ಆಯಿತು. ಆಲ್ಫಾ ರೋಮಿಯೋ ಓಡಿಸಿದ ಇಟಲಿಯ ಜುಸೆಪ್ಪೆ ಫರೀನಾ ಗೆದ್ದರು. ಅಲ್ಲಿಯ ಒಂದು ನೇರ ಹಾದಿಗೆ ಇವತ್ತಿಗೂ ಹ್ಯಾಂಗರ್ ಸ್ಟ್ರೈಟ್ ಅಂತಲೇ ಹೆಸರು.

ನಮ್ಮಲ್ಲೂ ಕಥೆ ಹಾಗೇ. ಚೆನ್ನೈಯ ಉತ್ತರಕ್ಕೆ ಶೋಲಾವರಂ ಅಂತ ಒಂದು ಊರು. ಅಲ್ಲಿ ಯುದ್ಧಕಾಲದ ವಿಮಾನಪಟ್ಟಿ ಇತ್ತು. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟರ್ ಸ್ಪೋರ್ಟ್ಸ್ ಕ್ಲಬ್ ಅದನ್ನೇ ರೇಸಿಗೆ ಬಳಸಿತು. ವರ್ಷಕ್ಕೊಮ್ಮೆ ಸಾವಿರಾರು ಜನ ಬಿಸಿಲಲ್ಲಿ ಬೆವರುತ್ತಾ ನಿಂತು ನೋಡುತ್ತಿದ್ದರು. ರಾಜಮನೆತನದವರು ತಮ್ಮ ವಿದೇಶಿ ಕಾರು ತಂದರೆ, ಗ್ಯಾರೇಜಿನವರು ಫಿಯೆಟ್ಟು, ಅಂಬಾಸಿಡರ್‌ಗಳ ಎಂಜಿನ್ ಬಿಚ್ಚಿ ಜೋಡಿಸಿ ತರುತ್ತಿದ್ದರು. ಬಂಟ್ವಾಳ ಮೂಲದ ಕುಟುಂಬದ ವಿಜಯ ಮಲ್ಯ ಎಂಬತ್ತರ ದಶಕದಲ್ಲಿ ಎನ್‌ಸೈನ್ ಅನ್ನುವ ಹಳೇ ಫಾರ್ಮುಲಾ ಒನ್ ಕಾರನ್ನೇ ಅಲ್ಲಿ ಓಡಿಸಿದ್ದರು. ಮುಂದೆ ಫೋರ್ಸ್ ಇಂಡಿಯಾ ಅನ್ನುವ ಫಾರ್ಮುಲಾ ಒನ್ ತಂಡ ಕಟ್ಟಿದ್ದು ಇದೇ ಮನುಷ್ಯ.

ನಮ್ಮ ಬಜ್ಪೆಯಲ್ಲಿ ಮೊದಲ ವಿಮಾನ ಇಳಿದದ್ದು 1951ರಲ್ಲಿ, ಯುದ್ಧ ಮುಗಿದು ಆರು ವರ್ಷದ ಮೇಲೆ. ಅದೂ ಗುಡ್ಡದ ತಲೆ ಮೇಲೆ. ಹಾಗಾಗಿ ಖಾಲಿ ಬಿದ್ದ ರನ್‌ವೇಯ ಭಾಗ್ಯ ಕರಾವಳಿಗೆ ಸಿಗಲಿಲ್ಲ. ಸಿಕ್ಕಿದ್ದರೂ ಅಲ್ಲಿ ಬ್ರೇಕ್ ತಪ್ಪಿದರೆ ಗತಿ ಏನು, ಆ ಮಾತು ಬೇಡ.

ಶೋಲಾವರಂನ ಕ್ಲಬ್ಬಿನವರು ಆಮೇಲೆ ಮಾಡಿದ ಕೆಲಸವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಅವರು ಶ್ರೀಪೆರಂಬದೂರು ಹತ್ತಿರದ ಇರುಂಗಾಟ್ಟುಕೋಟ್ಟೈಯಲ್ಲಿ ಜಾಗ ಕೊಂಡರು. ದುಡ್ಡು ಸೇರಿದ ಹಾಗೆ ಕಟ್ಟಿದರು. 1990ರಲ್ಲಿ 3.7 ಕಿಲೋಮೀಟರಿನ ಸ್ವಂತ ಟ್ರ್ಯಾಕ್ ಶುರುವಾಯಿತು. ಅದೇ ಹೊತ್ತಿಗೆ ಕೊಯಮತ್ತೂರಿನ ಎಸ್. ಕರಿವರ್ಧನ್, ಮಾರುತಿ 800ರ ಎಂಜಿನ್ ಕೂರಿಸಿ ಒಂಟಿ ಸೀಟಿನ ರೇಸ್ ಕಾರು ಮಾಡಿದರು. ಫಾರ್ಮುಲಾ ಮಾರುತಿ. ಊರಿನ ಗ್ಯಾರೇಜಲ್ಲೇ ರಿಪೇರಿ ಆಗುವ, ಬಿಡಿಭಾಗ ಎಲ್ಲ ಕಡೆ ಸಿಗುವ ಕಾರು. ನಾರಾಯಣ್ ಕಾರ್ತಿಕೇಯನ್ ರೇಸಿಂಗ್ ಶುರು ಮಾಡಿದ್ದೇ ಅದರಲ್ಲಿ. 2005ರಲ್ಲಿ ಜೋರ್ಡನ್ ತಂಡ ಸೇರಿ ಫಾರ್ಮುಲಾ ಒನ್‌ನಲ್ಲಿ ಓಡಿದ ಮೊದಲ ಭಾರತೀಯ ಅವರು. ಕರಿವರ್ಧನ್ ಅದನ್ನು ನೋಡಲಿಲ್ಲ, 1995ರಲ್ಲೇ ವಿಮಾನ ಅಪಘಾತದಲ್ಲಿ ತೀರಿಹೋಗಿದ್ದರು. ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಗೆ ಅವರದೇ ಹೆಸರು.

ನೋಯ್ಡಾದಲ್ಲಿ ಎದ್ದ ಟ್ರ್ಯಾಕ್

ಬುದ್ಧ್ ಸರ್ಕ್ಯೂಟಿನ ದಾರಿ ಇದಕ್ಕೆ ಪೂರ್ತಿ ಉಲ್ಟಾ. ಜೇಪೀ ಗ್ರೂಪ್ ಅನ್ನುವ ಖಾಸಗಿ ನಿರ್ಮಾಣ ಕಂಪನಿ ಅದನ್ನು ಕಟ್ಟಿದ್ದೇ ಫಾರ್ಮುಲಾ ಒನ್ನಿಗಾಗಿ. ನಕ್ಷೆ ಹಾಕಿದ್ದು ಜರ್ಮನಿಯ ಹರ್ಮನ್ ಟಿಲ್ಕೆ. ಮಲೇಷ್ಯಾ, ಬಹ್ರೇನ್, ಶಾಂಘೈ ಟ್ರ್ಯಾಕ್‌ಗಳೂ ಅವರವೇ. ಜಿಲ್ಲೆಯ ಹೆಸರು ಗೌತಮ ಬುದ್ಧ ನಗರ, ಟ್ರ್ಯಾಕ್‌ನ ಹೆಸರು ಅಲ್ಲಿಂದ ಬಂತು. ಸಪಾಟಾದ ಗದ್ದೆಯಂಥ ಜಾಗಕ್ಕೆ ಲಾರಿಗಟ್ಟಲೆ ಮಣ್ಣು ಹಾಕಿ ಏರು ಇಳಿವು ಮಾಡಿದರು.

ಅಲ್ಲಿಯ 3ನೇ ತಿರುವನ್ನೇ ನೋಡಿ. ಕಾರು ಏರು ಹತ್ತಿಕೊಂಡು ಬರುತ್ತದೆ, ತುದಿಯಲ್ಲಿ ತಿರುಗಬೇಕು. ತಿರುವಿನ ಬಾಯಿಯನ್ನು ಬೇಕೆಂದೇ ಅಗಲ ಮಾಡಿದ್ದಾರೆ. ದಾರಿ ಅಗಲ ಇದ್ದರೆ ಮುಂದಿನವನು ಒಂದು ಗೆರೆ ಹಿಡಿಯುತ್ತಾನೆ, ಹಿಂದಿನವನು ಬೇರೆ ಗೆರೆ. ಯಾರೋ ಒಬ್ಬನಿಗೆ ತಿರುವು ಬಿಡುವಾಗ ಸ್ವಲ್ಪ ಎಡವಟ್ಟಾಗುತ್ತದೆ. ಆಚೆ ಒಂದು ಕಿಲೋಮೀಟರಿಗೂ ಜಾಸ್ತಿ ಉದ್ದದ ನೇರ ಹಾದಿ. ಮುಂದಿನ ಕಾರು ಗಾಳಿಯನ್ನು ಸೀಳಿಕೊಂಡು ಹೋಗುವುದರಿಂದ ಬೆನ್ನಿಗೆ ಅಂಟಿಕೊಂಡವನಿಗೆ ಗಾಳಿಯ ತಡೆ ಕಡಿಮೆ. ಆ ಉದ್ದಕ್ಕೂ ಅವನು ಹತ್ತಿರ ಆಗುತ್ತಾ ಆಗುತ್ತಾ ಬಂದು, 4ನೇ ತಿರುವಿನ ಬ್ರೇಕಿನ ಹೊತ್ತಿಗೆ ಪಕ್ಕದಲ್ಲಿರುತ್ತಾನೆ. ಓವರ್‌ಟೇಕ್ ತಾನಾಗಿ ಆದ ಹಾಗೆ ಕಾಣುತ್ತದೆ. ಅದು ಆಗಲಿ ಅಂತಲೇ ನಕ್ಷೆಯಲ್ಲಿ ಬರೆದದ್ದು.

2011ರ ಅಕ್ಟೋಬರ್ 30ಕ್ಕೆ ಮೊದಲ ರೇಸ್. ಎರಡು ದಿನ ಮೊದಲು ಅಭ್ಯಾಸಕ್ಕೆ ಕಾರುಗಳು ಇಳಿದಾಗ ಒಂದು ಬೀದಿನಾಯಿ ಟ್ರ್ಯಾಕ್ ಮೇಲೆ ಬಂದು ಎಲ್ಲರನ್ನೂ ನಿಲ್ಲಿಸಿತು. ಟಿವಿಯಲ್ಲಿ ನೋಡಿದವರು ಯಾರೂ ಅದನ್ನು ಮರೆತಿಲ್ಲ. ರೇಸ್ ಮಾತ್ರ ಅಚ್ಚುಕಟ್ಟಾಗಿ ನಡೆಯಿತು. ಅದೇ ತಿಂಗಳು ಬೇರೆ ರೇಸುಗಳಲ್ಲಿ ತೀರಿಹೋಗಿದ್ದ ಡ್ಯಾನ್ ವೆಲ್ಡನ್ ಮತ್ತು ಮಾರ್ಕೊ ಸಿಮೊಂಚೆಲ್ಲಿಗೆ ಒಂದು ನಿಮಿಷ ಮೌನ, ಆಮೇಲೆ 60 ಸುತ್ತು. ಸೆಬಾಸ್ಟಿಯನ್ ವೆಟಲ್ ಗೆದ್ದರು. ಜೆನ್ಸನ್ ಬಟನ್ ಎರಡನೆಯವರು, ಫರ್ನಾಂಡೊ ಅಲೊನ್ಸೊ ಮೂರನೆಯವರು. ರೇಸ್ ಮುಗಿಯುವ ಬಾವುಟ ಬೀಸಿದ್ದು ಸಚಿನ್ ತೆಂಡೂಲ್ಕರ್. ವೆಟಲ್ ಕೊನೆಯ ಸುತ್ತಿನಲ್ಲಿ ತೆಗೆದ 1 ನಿಮಿಷ 27.249 ಸೆಕೆಂಡ್ ಇವತ್ತಿಗೂ ಅಲ್ಲಿಯ ರೇಸ್ ದಾಖಲೆ. ಮುರಿಯಲು ಯಾರಾದರೂ ಬರಬೇಕಲ್ಲ?

ದುಡ್ಡು ಯಾರ ಕಿಸೆಗೆ?

ಇಲ್ಲಿಂದ ವಿಷಯ ಸ್ವಲ್ಪ ಜಟಿಲ. ಜೇಪೀ ಮತ್ತು ಫಾರ್ಮುಲಾ ಒನ್ ಕಂಪನಿಯ ಮಧ್ಯೆ ಇದ್ದ ಒಪ್ಪಂದ ಆಮೇಲೆ ಕೋರ್ಟಿಗೆ ಹೋಯಿತು. ಹಾಗಾಗಿ ಸಾಮಾನ್ಯವಾಗಿ ಗುಟ್ಟಾಗಿರುವ ವಿವರಗಳೆಲ್ಲ ತೀರ್ಪಿನಲ್ಲಿ ಸಿಗುತ್ತವೆ.

2011ರ ಸೆಪ್ಟೆಂಬರ್ 13ರ ಒಪ್ಪಂದದ ಪ್ರಕಾರ, ರೇಸ್ ನಡೆಸುವ ಹಕ್ಕಿಗೆ ಜೇಪೀ ಕೊಡಬೇಕಾದ ಫೀಸ್ 4 ಕೋಟಿ ಡಾಲರ್. ಟ್ರ್ಯಾಕ್ ಕಟ್ಟಿದ ಖರ್ಚು ಬೇರೆ, ಇದು ಬೇರೆ. ಸರಿ, ಅಷ್ಟು ಕೊಟ್ಟ ಮೇಲೆ ಬೋರ್ಡುಗಳ ಜಾಹೀರಾತು ದುಡ್ಡಾದರೂ ಜೇಪೀಗೆ ಬರಬೇಕಲ್ವಾ? ಇಲ್ಲ. ಟ್ರ್ಯಾಕ್ ಪಕ್ಕದ ಜಾಹೀರಾತು, ದೊಡ್ಡವರು ಕೂತು ಊಟ ಮಾಡುವ ಪ್ಯಾಡಕ್ ಕ್ಲಬ್, ಟಿವಿ ಹಕ್ಕು, ರೇಸಿನ ಹೆಸರಿಗೆ ಅಂಟಿಸುವ ಪ್ರಾಯೋಜಕರು, ಎಲ್ಲವೂ ಫಾರ್ಮುಲಾ ಒನ್ ಬಳಗದ ಬೇರೆ ಬೇರೆ ಕಂಪನಿಗಳ ಕೈಗೆ ಹೋಗಿದ್ದವು. ಜೇಪೀಗೆ ಉಳಿದದ್ದು ಮುಖ್ಯವಾಗಿ ಟಿಕೆಟ್ ದುಡ್ಡು.

ನಮ್ಮ ಕಂಬಳಕ್ಕೆ ಹಚ್ಚಿ ನೋಡಿದರೆ ಇದು ಬೇಗ ತಲೆಗೆ ಹೋಗುತ್ತದೆ. ನವೆಂಬರಿನಿಂದ ಮಾರ್ಚ್ ತನಕ ಮೂಡುಬಿದಿರೆ, ಐಕಳ, ಪುತ್ತೂರು, ಉಪ್ಪಿನಂಗಡಿ ಅಂತ ಊರಿಂದ ಊರಿಗೆ ಅದೇ ಕೋಣಗಳು, ಅದೇ ಓಟಗಾರರು. ಫಾರ್ಮುಲಾ ಒನ್ ತಿರುಗುವುದೂ ಹಾಗೇ. ಆದರೆ ಕಂಬಳದಲ್ಲಿ ಕರೆ, ಅಂದರೆ ಕೋಣ ಓಡುವ ಕೆಸರಿನ ಹಾದಿ, ರೆಡಿ ಮಾಡುವ ಸಮಿತಿಯೇ ದಾನಿಗಳ ದುಡ್ಡು, ಬ್ಯಾನರಿನ ದುಡ್ಡು ಇಟ್ಟುಕೊಂಡು ಖರ್ಚು ತೂಗಿಸುತ್ತದೆ. ಕೋಣದ ಯಜಮಾನರು ಸ್ವಂತ ಖರ್ಚಲ್ಲಿ ಬರುತ್ತಾರೆ. ಗೆದ್ದರೆ ಪವನ್ ಲೆಕ್ಕದ ಚಿನ್ನ, ಉಳಿದದ್ದೆಲ್ಲ ಮರ್ಯಾದೆಯ ಪ್ರಶ್ನೆ. ಈಗ ಲಂಡನ್ನಿನ ಒಂದು ಕಂಪನಿ ಬಂದು, "ಕೋಣಗಳನ್ನು ನಾವು ಕರೆಸುತ್ತೇವೆ. ಕರೆ ನೀವು ಮಾಡಿ, ನಮಗೆ ಫೀಸ್ ಕೊಡಿ. ಬ್ಯಾನರ್, ಟಿವಿ, ವಿಐಪಿ ಪೆಂಡಾಲು ನಮ್ಮದು. ಗೇಟಿನ ಟಿಕೆಟ್ ನಿಮ್ಮದು" ಅಂದರೆ? ಯಾವ ಸಮಿತಿಯ ಅಧ್ಯಕ್ಷರೂ ಚಹಾ ಕೊಟ್ಟು ಕಳಿಸುತ್ತಾರೆ, ಅಷ್ಟೇ.

ಹಾಗಾದರೆ ಉಳಿದ ದೇಶಗಳು ಯಾಕೆ ಒಪ್ಪುತ್ತವೆ? ಬಹ್ರೇನ್, ಅಬುಧಾಬಿ, ಅಜರ್‌ಬೈಜಾನ್‌ನಂಥ ಕಡೆ ಹಿಂದೆ ಸರ್ಕಾರದ ದುಡ್ಡು ಇದೆ. ಊರಿನ ಹೆಸರು ಜಗತ್ತಿನ ಟಿವಿಯಲ್ಲಿ ಬಂದರೆ ಪ್ರವಾಸಿಗರು ಬರುತ್ತಾರೆ ಎನ್ನುವ ಲೆಕ್ಕ ಅವರದು. ಟಿಕೆಟಿನಲ್ಲಿ ಲುಕ್ಸಾನಾದರೂ ಸಹಿಸಿಕೊಳ್ಳುತ್ತಾರೆ. ನೋಯ್ಡಾದಲ್ಲಿ ಹಾಗಿರಲಿಲ್ಲ. ದುಡ್ಡು ಹಾಕಿದ್ದು ಖಾಸಗಿ ಕಂಪನಿ. ಸುತ್ತಲಿನ ಜಾಗದಲ್ಲಿ ಸ್ಪೋರ್ಟ್ಸ್ ಸಿಟಿ, ಮನೆ, ಸೈಟು ಮಾಡಿ ಮಾರುವ ಯೋಜನೆ ಅದರದ್ದು. ನನ್ನ ದೃಷ್ಟಿಯಲ್ಲಿ ಆ ಟ್ರ್ಯಾಕ್ ಅಷ್ಟೂ ಜಾಗಕ್ಕೆ ಹಾಕಿದ ಒಂದು ಭಾರಿ ಜಾಹೀರಾತು ಬೋರ್ಡು. ಸೈಟಿನ ವ್ಯವಹಾರ ಕುಸಿದು, ಕಂಪನಿಯ ಮೇಲೆ ಸಾಲ ಏರಿದಾಗ ಬೋರ್ಡಿಗೆ ದುಡ್ಡು ಹಾಕುವವರು ಯಾರು?

ಒಂದಲ್ಲ, ಮೂರು ಟ್ಯಾಕ್ಸ್

ಇನ್ನು ಆ ಪ್ರಸಿದ್ಧ ಟ್ಯಾಕ್ಸ್. ಮೂರು ಬೇರೆ ಬೇರೆ ಜಗಳಗಳನ್ನು ಜನ ಒಂದೇ ಬುಟ್ಟಿಗೆ ಹಾಕುತ್ತಾರೆ.

ಮೊದಲನೆಯದು ರಾಜ್ಯದ ಮನರಂಜನಾ ತೆರಿಗೆ. ಉತ್ತರ ಪ್ರದೇಶ ಸರ್ಕಾರ ರೇಸಿಗೆ ವಿನಾಯಿತಿ ಕೊಟ್ಟಿತ್ತು. ಅದನ್ನು ಪ್ರಶ್ನಿಸಿ ಅರ್ಜಿ ಬಿತ್ತು. ಮೊದಲ ರೇಸಿಗೆ ಸ್ವಲ್ಪ ದಿನ ಇರುವಾಗ, ಟಿಕೆಟ್ ವರಮಾನದ ಶೇ. 25ನ್ನು ಬೇರೆ ಖಾತೆಯಲ್ಲಿ ಇಡಿ ಅಂತ ಸುಪ್ರೀಂ ಕೋರ್ಟ್ ಹೇಳಿತು. ಇದ್ದದ್ದೇ ಟಿಕೆಟ್ ದುಡ್ಡು, ಅದರಲ್ಲೂ ಕಾಲು ಭಾಗ ಮುಟ್ಟುವ ಹಾಗಿಲ್ಲ!

ಎರಡನೆಯದು ಕೇಂದ್ರದ್ದು. ಕ್ರೀಡೆಯ ಸಾಮಾನು ಅಂತಾದರೆ ಕಸ್ಟಮ್ಸ್ ಸುಂಕದಲ್ಲಿ ರಿಯಾಯಿತಿ ಕೇಳಬಹುದು. ಆದರೆ ಕ್ರೀಡಾ ಸಚಿವಾಲಯ ಫಾರ್ಮುಲಾ ಒನ್ನನ್ನು ಕ್ರೀಡೆ ಅಂತ ಒಪ್ಪಲಿಲ್ಲ, ಅದು ವ್ಯಾಪಾರ ಮತ್ತು ಮನರಂಜನೆ ಅಂದಿತು. ಕಾರು, ಎಂಜಿನ್, ಟೈರು ಮೂರು ದಿನಕ್ಕೆ ಬಂದು ಹೋಗುವುದಾದರೂ ಕಾಗದಪತ್ರ, ಖಾತರಿ ದುಡ್ಡು ಎಲ್ಲ ಆಗಬೇಕು. ಒಂದು ಆಟ ಆಟವೋ ಅಲ್ಲವೋ ಅಂತ ಸರ್ಕಾರದ ಕಾಗದ ಹೇಳಬೇಕಾಗುವುದು ಕರಾವಳಿಯವರಿಗೆ ಹೊಸದೇನಲ್ಲ. 2014ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಕಂಬಳ ತೊಂದರೆಗೆ ಸಿಕ್ಕಿ, 2017ರಲ್ಲಿ ರಾಜ್ಯ ಕಾನೂನು ತಿದ್ದಿ, 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯುವ ತನಕ ನಮ್ಮವರೂ ಅಲೆದಿದ್ದಾರೆ. ವ್ಯತ್ಯಾಸ ಇಷ್ಟೇ, ಕಂಬಳದ ಹಿಂದೆ ಇಡೀ ತುಳುನಾಡು ನಿಂತಿತು. ಬುದ್ಧ್ ಸರ್ಕ್ಯೂಟಿನ ಪರ ಬೀದಿಗೆ ಇಳಿದವರು ಯಾರೂ ಇರಲಿಲ್ಲ.

ಮೂರನೆಯದು ಆದಾಯ ತೆರಿಗೆ. ಇದು ಜೇಪೀಯ ಮೇಲಲ್ಲ, ಇಂಗ್ಲೆಂಡಿನ ಫಾರ್ಮುಲಾ ಒನ್ ಕಂಪನಿಯ ಮೇಲೆ. ಭಾರತ ಮತ್ತು ಬ್ರಿಟನ್ ನಡುವೆ ಒಂದೇ ಆದಾಯಕ್ಕೆ ಎರಡು ಕಡೆ ತೆರಿಗೆ ಬೀಳದ ಹಾಗೆ ಒಪ್ಪಂದ ಇದೆ. ಅದರ ಪ್ರಕಾರ ಬ್ರಿಟನ್ನಿನ ಕಂಪನಿಯ ವ್ಯಾಪಾರದ ಲಾಭಕ್ಕೆ ಇಲ್ಲಿ ತೆರಿಗೆ ಹಾಕಬೇಕಾದರೆ ಆ ಕಂಪನಿಗೆ ಇಲ್ಲಿ ಕಾಯಂ ನೆಲೆ ಇರಬೇಕು. ಕಂಪನಿ ಹೇಳಿತು: ನಮಗೆ ಭಾರತದಲ್ಲಿ ಆಫೀಸಿಲ್ಲ, ಟ್ರ್ಯಾಕ್ ಜೇಪೀಯದ್ದು, ರೇಸ್ ನಡೆಯುವುದೇ ಮೂರು ದಿನ, ಕಾಯಂ ಎಲ್ಲಿಂದ ಬಂತು?

ಕೇಳಲು ಸರಿ ಅನಿಸುತ್ತದೆ. 2017ರ ಏಪ್ರಿಲ್ 24ರಂದು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಕೋರ್ಟ್ ಗೋಡೆ, ಬಾಗಿಲು ನೋಡಲಿಲ್ಲ, ಹಿಡಿತ ಯಾರದ್ದು ಅಂತ ನೋಡಿತು. ರೇಸಿಗೆ ಎರಡು ವಾರ ಮೊದಲಿನಿಂದ ಮುಗಿದು ಒಂದು ವಾರದ ತನಕ ಕಂಪನಿಗೆ ಅಲ್ಲಿ ಪ್ರವೇಶ ಇತ್ತು. ತಂಡಗಳನ್ನು ಕರೆಸಿದ್ದು, ಟಿವಿ ಕ್ಯಾಮೆರಾ ನಡೆಸಿದ್ದು, ಜಾಹೀರಾತು ಮಾರಿದ್ದು ಅದರ ಬಳಗ. ಹಾಗಿದ್ದ ಮೇಲೆ ಆ ಅವಧಿಗೆ ಸರ್ಕ್ಯೂಟ್ ಅದರದೇ ವ್ಯಾಪಾರದ ಜಾಗ. ದಿನ ಮೂರೇ ಆದರೂ ಆ ವ್ಯಾಪಾರ ನಡೆಯುವುದೇ ಮೂರು ದಿನದಲ್ಲಿ. ಆದ್ದರಿಂದ ತೆರಿಗೆ ಕಟ್ಟಿ.

ತಮಾಷೆ ಅಂದರೆ, ಟ್ರ್ಯಾಕ್ ಕಟ್ಟಿದವನಿಗೆ ಯಾಕೆ ಏನೂ ಉಳಿಯಲಿಲ್ಲ ಅನ್ನುವುದಕ್ಕೂ ಉತ್ತರ ಈ ತೀರ್ಪಿನಲ್ಲೇ ಇದೆ. ಲಾಭ ಬರುವ ಎಲ್ಲ ಬಾಗಿಲಿನ ಕೀಲಿ ಬೇರೆಯವರ ಕೈಯಲ್ಲಿತ್ತು. ತೀರ್ಪು ಬಂದ ಹೊತ್ತಿಗೆ ಫಾರ್ಮುಲಾ ಒನ್ ಹೋಗಿ ಮೂರು ವರ್ಷ ದಾಟಿತ್ತು ಎನ್ನುವುದನ್ನೂ ಗಮನಿಸಿ.

ಹೋದ ಮೇಲೆ

2013ರ ರೇಸನ್ನೂ ವೆಟಲ್ ಗೆದ್ದರು, ಸತತ ನಾಲ್ಕನೇ ವಿಶ್ವ ಚಾಂಪಿಯನ್‌ಶಿಪ್ ಅಲ್ಲೇ ಖಾತ್ರಿಯಾಯಿತು. ಖುಷಿಗೆ ಗ್ರ್ಯಾಂಡ್‌ಸ್ಟ್ಯಾಂಡಿನ ಎದುರೇ ಕಾರನ್ನು ಗಿರಗಿರ ತಿರುಗಿಸಿ, ಟೈರಿನ ಹೊಗೆ ಎಬ್ಬಿಸಿ, ಇಳಿದು ಕಾರಿನ ಮುಂದೆ ಮಂಡಿಯೂರಿ ಕೈಮುಗಿದರು. ರೇಸ್ ಮುಗಿದ ಕೂಡಲೆ ನಿಯಮದ ಜಾಗಕ್ಕೆ ಬರಲಿಲ್ಲ ಅಂತ ತಂಡಕ್ಕೆ 25,000 ಯೂರೋ ದಂಡ. ಇಷ್ಟು ಒಳ್ಳೇ ದಂಡ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. 2014ರ ಪಟ್ಟಿಯಲ್ಲಿ ಭಾರತ ಇರಲಿಲ್ಲ. 2015ಕ್ಕೆ ಬರುತ್ತದೆ ಎಂದರು, ಬರಲಿಲ್ಲ.

ಟ್ರ್ಯಾಕ್ ಪೂರ್ತಿ ಮಲಗಲಿಲ್ಲ. 2014ರ ಮಾರ್ಚಿನಲ್ಲಿ ಅಲ್ಲಿ ಟಾಟಾ ಲಾರಿಗಳ ರೇಸ್ ನಡೆಯಿತು. ಮುಂದೆ ನಮ್ಮ ಲಾರಿ ಡ್ರೈವರುಗಳಿಗೇ ತರಬೇತಿ ಕೊಟ್ಟು ಇಳಿಸಿದರು. ಶಿರಾಡಿ ಘಾಟಿಯಲ್ಲಿ ಲಾರಿ ಹಿಂದೆ ಸಿಕ್ಕಿಬಿದ್ದವರಿಗೆ ಇದು ನಂಬಲು ಕಷ್ಟ. 2020ರಲ್ಲಿ ಬಾಕಿ ಹಣದ ಕಾರಣಕ್ಕೆ ಯಮುನಾ ಎಕ್ಸ್‌ಪ್ರೆಸ್‌ವೇ ಪ್ರಾಧಿಕಾರ ಜೇಪೀಗೆ ಕೊಟ್ಟಿದ್ದ ಜಾಗದ ಹಂಚಿಕೆಯನ್ನೇ ರದ್ದು ಮಾಡಿತು. 2023ರ ಸೆಪ್ಟೆಂಬರಿನಲ್ಲಿ ಮೋಟೊಜಿಪಿ ಬೈಕ್ ರೇಸ್ ಬಂತು. ಸವಾರರಿಗೆ ವೀಸಾ ತಡವಾಯಿತು, ಸೆಕೆ ತಡೆಯಲಾಗದೆ 24 ಸುತ್ತನ್ನು 21ಕ್ಕೆ ಇಳಿಸಿದರು. ಮಾರ್ಕೊ ಬೆಜೆಕ್ಕಿ ಗೆದ್ದರು. ಮರುವರ್ಷ ಅದೂ ಇಲ್ಲ. ಹೈದರಾಬಾದಿನ ಫಾರ್ಮುಲಾ ಇ, ಅಂದರೆ ಎಲೆಕ್ಟ್ರಿಕ್ ಕಾರುಗಳ ರೇಸ್ ಕೂಡ 2023ರ ಫೆಬ್ರವರಿಯಲ್ಲಿ ಒಮ್ಮೆ ನಡೆದು, ಸರ್ಕಾರ ಬದಲಾದ ಮೇಲೆ ನಿಂತುಹೋಯಿತು.

ಇದೇ ಅವಧಿಯಲ್ಲಿ ಇರುಂಗಾಟ್ಟುಕೋಟ್ಟೈ ಮತ್ತು ಕೊಯಮತ್ತೂರು ಸುಮ್ನೆ ಕೆಲಸ ಮಾಡುತ್ತಲೇ ಇದ್ದವು. ವಾರಾಂತ್ಯಕ್ಕೆ ರಾಷ್ಟ್ರೀಯ ಕಾರು ರೇಸ್, ಬೈಕ್ ರೇಸ್. ಮಧ್ಯದ ದಿನಗಳಲ್ಲಿ ತರಬೇತಿ, ಕಂಪನಿಗಳ ಪರೀಕ್ಷೆ, ಸ್ವಂತ ಬೈಕ್ ತಂದು ಫೀಸ್ ಕೊಟ್ಟು ಓಡಿಸುವವರು. ಕರಿ ಸ್ಪೀಡ್‌ವೇಯ ಉದ್ದ ಬರೀ 2.1 ಕಿಲೋಮೀಟರ್. ಫಾರ್ಮುಲಾ ಒನ್ ಅಲ್ಲಿಗೆ ಯಾವತ್ತೂ ಬರುವುದಿಲ್ಲ, ಅದಕ್ಕೆ ಬೇಕಾದ ಮೊದಲ ದರ್ಜೆಯ ಲೈಸೆನ್ಸಿಗೆ ಉದ್ದವೇ ಸಾಲದು. ಬಾರದಿದ್ದರೆ ಅದಕ್ಕೆ ನಷ್ಟವೂ ಇಲ್ಲ. ಟ್ರ್ಯಾಕ್ ಬದುಕುವುದು ದೊಡ್ಡ ರೇಸಿನ ಮೂರು ದಿನದಿಂದ ಅಲ್ಲ, ಉಳಿದ 362 ದಿನದ ಬಾಡಿಗೆಯಿಂದ. ಮದ್ರಾಸಿನ ಕ್ಲಬ್ಬಿನವರು ಅದನ್ನು ಮೊದಲೇ ತಿಳಿದಿದ್ದರು.

ಹಾಗಂತ ಮಂಗಳೂರಿಗೊಂದು ಸರ್ಕ್ಯೂಟ್ ಬೇಕು ಅಂತ ನಾನು ಹೇಳುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಮಳೆಯಲ್ಲಿ ನಾಲ್ಕು ತಿಂಗಳ ಬಾಡಿಗೆ ಕೊಚ್ಚಿಹೋಗುತ್ತದೆ. ಸಪಾಟಾದ ಜಾಗಕ್ಕೆ ಗುಡ್ಡ ಕಡಿಯಬೇಕು, ಕಡಿದ ಗುಡ್ಡ ಮಳೆಗಾಲದಲ್ಲಿ ಎಲ್ಲಿ ಬಂದು ಬೀಳುತ್ತದೆ ಅಂತ ನಮಗೆ ಗೊತ್ತೇ ಇದೆ. ಸಣ್ಣದೊಂದು ಗೋ-ಕಾರ್ಟ್ ಟ್ರ್ಯಾಕ್ ಆದರೆ ಬೇರೆ ಮಾತು.

ಟ್ರ್ಯಾಕ್ ಇಲ್ಲದಿದ್ದರೂ ಕಾರು ಇಲ್ಲಿ ತಯಾರಾಗುತ್ತಿದೆ. ಉಡುಪಿ ಜಿಲ್ಲೆಯ ಮಣಿಪಾಲದಲ್ಲಿ ಫಾರ್ಮುಲಾ ಮಣಿಪಾಲ್, ಸುರತ್ಕಲ್‌ನಲ್ಲಿ ಎನ್‌ಐಟಿಕೆ ರೇಸಿಂಗ್ ಅಂತ ವಿದ್ಯಾರ್ಥಿ ತಂಡಗಳಿವೆ. ಒಂಟಿ ಸೀಟಿನ ರೇಸ್ ಕಾರನ್ನು ಹುಡುಗ ಹುಡುಗಿಯರೇ ವಿನ್ಯಾಸ ಮಾಡಿ, ವೆಲ್ಡ್ ಮಾಡಿ ಕಟ್ಟುತ್ತಾರೆ. ವೇಗ ಹದ್ದು ಮೀರದ ಹಾಗೆ ನಿಯಮ ಬಿಗಿ ಇದೆ. ಪೆಟ್ರೋಲ್ ಎಂಜಿನ್ 710 ಸಿಸಿ ದಾಟಬಾರದು. ಎಂಜಿನ್ನಿಗೆ ಹೋಗುವ ಗಾಳಿಯೆಲ್ಲ 20 ಮಿಲಿಮೀಟರ್ ಅಗಲದ ಒಂದೇ ತೂತಿನಿಂದ ಹೋಗಬೇಕು. ಅಷ್ಟು ಸಣ್ಣ ತೂತಿನಲ್ಲಿ ಹೆಚ್ಚು ಗಾಳಿ ನುಗ್ಗಿಸುವುದು ಹೇಗೆ ಎನ್ನುವುದರಲ್ಲೇ ಅವರ ನಿದ್ದೆ ಹೋಗುತ್ತದೆ.

ಇಂಥ ಕಾರುಗಳಿಗೆ ನಡೆಯುವ ಫಾರ್ಮುಲಾ ಭಾರತ್ ಸ್ಪರ್ಧೆಗೆ ಜಾಗ ಕೊಡುವುದು ಅದೇ ಪುಟ್ಟ ಕರಿ ಸ್ಪೀಡ್‌ವೇ. ಸುಪ್ರಾ ಎನ್ನುವ ಇನ್ನೊಂದು ಸ್ಪರ್ಧೆ ಬುದ್ಧ್ ಸರ್ಕ್ಯೂಟಿನಲ್ಲೂ ನಡೆದಿದೆ. ಫಾರ್ಮುಲಾ ಸ್ಟೂಡೆಂಟ್ ಮಾದರಿಯ ಈ ಸ್ಪರ್ಧೆಗಳಲ್ಲಿ ಬರೀ ಓಡಿಸಿ ಗೆಲ್ಲಲು ಆಗುವುದಿಲ್ಲ. ತೀರ್ಪುಗಾರರ ಮುಂದೆ ಕೂತು ಕಾರಿನ ಒಂದೊಂದು ಬಿಡಿಭಾಗಕ್ಕೂ ಎಷ್ಟು ಖರ್ಚಾಯಿತು, ಯಾಕಾಯಿತು ಅಂತ ಲೆಕ್ಕ ಒಪ್ಪಿಸಬೇಕು. ಒಟ್ಟು 1000 ಅಂಕದಲ್ಲಿ 100 ಅಂಕ ಅದಕ್ಕೇ ಇದೆ. ಈ ಕಾರನ್ನು ಇಟ್ಟುಕೊಂಡು ವ್ಯಾಪಾರ ಹೇಗೆ ನಡೆಸುತ್ತೀರಿ ಎಂದು ವಿವರಿಸಿದರೆ ಇನ್ನೊಂದು 75.